ಮನೆಯಲ್ಲಿ ಎಂತದೂ ಇಲ್ಲದ ದಿನ ಊಟಕ್ಕೆ ಏನು ಮಾಡ್ತೀರಿ?

ಕೊಟ್ಟಾರದ ಬ್ಯಾಚುಲರ್

ಎಲ್ಲರಿಗೂ ನಮಸ್ಕಾರ. ನಾನು ಮತ್ತು ಗೆಳೆಯ ಮಂಗಳೂರಿನ ಕೊಟ್ಟಾರದಲ್ಲಿ ಮನೆ ಮಾಡಿಕೊಂಡಿದ್ದೇವೆ. ಜೋರು ಮಳೆ. ಮಾರ್ಕೆಟಿಗೆ ಹೋಗಲು ಮನಸ್ಸಿಲ್ಲ, ಹೋದರೂ ಬೀನ್ಸ್ ರೇಟ್ ಕೇಳಿ ವಾಪಸ್ ಬರುವುದು. ಬೋಟ್ ಎಲ್ಲ ದಕ್ಕೆಯಲ್ಲಿ ಕಟ್ಟಿ ಹಾಕಿದ್ದಾರೆ, ಹಾಗಾಗಿ ಮೀನಿನ ಕಥೆಯೂ ಅಷ್ಟೇ. ಹೋಟೆಲ್ ಊಟ ಸಾಕಾಗಿ ಹೋಗಿದೆ.

ಮನೆಯಲ್ಲಿ ಇರುವುದು ಇಷ್ಟು: ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ, ತೊಗರಿ ಬೇಳೆ, ಊರಿನಿಂದ ತಂದ ತೆಂಗಿನಕಾಯಿ, ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಲ್ಲ, ಬೆಳ್ಳುಳ್ಳಿ, ತೆಂಗಿನೆಣ್ಣೆ. ಒಂದು ಮಂಗಳೂರು ಸೌತೆ ಮೂಲೆಯಲ್ಲಿ ಕೂತಿದೆ. ಮಿಕ್ಸಿ, ಕುಕ್ಕರ್, ಕಬ್ಬಿಣದ ಕಾವಲಿ ಉಂಟು.

ಯೂಟ್ಯೂಬ್ ನೋಡಿದರೆ ಎಲ್ಲದಕ್ಕೂ ಇಪ್ಪತ್ತು ಸಾಮಾನು ಹೇಳುತ್ತಾರೆ. "ಇವತ್ತು ಪದಾರ್ಥಕ್ಕೆ ಎಂತದೂ ಇಲ್ಲ" ಅಂತ ನಿಮ್ಮ ಅಮ್ಮ ಹೇಳಿದ ದಿನ ಕೊನೆಗೆ ಬಟ್ಟಲಿಗೆ ಏನು ಬರುತ್ತಿತ್ತು? ನನಗೆ ಬೇಕಾದ್ದು ಅದು. ಕೋರಿ ರೊಟ್ಟಿ, ಗೋಳಿಬಜೆ, ನೆಂಟರು ಬಂದಾಗ ಮಾಡುವುದೆಲ್ಲ ಬೇಡ.

ಕಾರ್ಕಳದ ಅತ್ತೆ

ಕುಚ್ಚಲಕ್ಕಿ ಉಂಟು, ಕಾಯಿ ಉಂಟು, ಮೆಣಸು ಉಂಟು. ಇದಕ್ಕೆ ಎಂತದೂ ಇಲ್ಲ ಅಂತ ಹೇಳುವುದಾ ಮಗಾ? ಗಂಜಿ ಮಾಡು.

ಇಬ್ಬರಿಗೆ ಒಂದು ಲೋಟ ಅಕ್ಕಿ ಸಾಕು. ಮೂರ್ನಾಲ್ಕು ಸಲ ತೊಳೆ. ಏಳೆಂಟು ಲೋಟ ನೀರು ಕುದಿಯಲು ಇಟ್ಟು, ಕುದಿ ಬಂದ ಮೇಲೆ ಅಕ್ಕಿ ಹಾಕು. ಹತ್ತು ನಿಮಿಷ ಜೋರಾಗಿ ಕುದಿಸಿ ಮುಚ್ಚಳ ಹಾಕಿ ಗ್ಯಾಸ್ ಬಂದ್ ಮಾಡು. ಅರ್ಧ ಗಂಟೆ ಅದರಷ್ಟಕ್ಕೇ ಬಿಡು, ಆ ಬಿಸಿಯಲ್ಲೇ ಅಕ್ಕಿ ಅರಳುತ್ತದೆ. ಮತ್ತೆ ಒಂದು ಹದಿನೈದು ನಿಮಿಷ ಕುದಿಸಿದರೆ ಆಯ್ತು. ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡು, ನಡುವಲ್ಲಿ ಬಿಳಿ ಚುಕ್ಕೆ ಕಾಣಬಾರದು. ಕುಕ್ಕರ್ ಆದರೆ ನೀರು ಕಮ್ಮಿ ಹಾಕಿ ಐದಾರು ವಿಶಿಲ್, ಆದರೆ ತಿಳಿ ಅಷ್ಟು ಚೆಂದ ಬರುವುದಿಲ್ಲ.

ತಿಳಿ ಬಸಿದು ಚೆಲ್ಲಬೇಡ, ಅದೇ ಗಂಜಿಯ ಜೀವ. ಬಟ್ಟಲಿಗೆ ಅನ್ನ, ಅದು ಮುಳುಗುವಷ್ಟು ತಿಳಿ, ಚಿಟಿಕೆ ಉಪ್ಪು.

ಅದರೊಟ್ಟಿಗೆ ಹುರುಳಿ ಚಟ್ನಿ. ಹುರುಳಿ ನಿನ್ನ ಪಟ್ಟಿಯಲ್ಲಿ ಇಲ್ಲ, ಕಾಲು ಕಿಲೋ ತಂದಿಡು. ಎರಡು ದೊಡ್ಡ ಚಮಚ ಹುರುಳಿಯನ್ನು ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ ಹುರಿ. ಮೊದಲು ಹಸಿ ವಾಸನೆ, ಆಮೇಲೆ ಒಂದೆರಡು ಕಾಳು ಚಟ್ ಅಂತ ಸಿಡಿಯುತ್ತವೆ, ಬಣ್ಣ ಕೆಂಪಿಗೆ ತಿರುಗುತ್ತದೆ. ಅಲ್ಲಿಗೆ ಇಳಿಸು. ಅದೇ ಬಾಣಲೆಯಲ್ಲಿ ಎರಡು ಹನಿ ಎಣ್ಣೆ ಬಿಟ್ಟು ನಾಲ್ಕು ಮೆಣಸು ಹುರಿ. ಮಿಕ್ಸಿಯಲ್ಲಿ ಹುರುಳಿಯನ್ನು ಮೊದಲು ನೀರು ಹಾಕದೆ ತಿರುಗಿಸಬೇಕು. ಆಮೇಲೆ ಮೆಣಸು, ಅರ್ಧ ಕಾಯಿಯ ತುರಿ, ಒಂದು ಎಸಳು ಹುಳಿ, ಎರಡು ಬೆಳ್ಳುಳ್ಳಿ, ಉಪ್ಪು. ಎಲ್ಲ ಒಟ್ಟಿಗೆ ಹಾಕಿದರೆ ಕಾಯಿ ನುಣ್ಣಗಾಗಿ ಹುರುಳಿ ಇಡಿಯಾಗಿ ಉಳಿಯುತ್ತದೆ. ನೀರು ಆದಷ್ಟು ಕಮ್ಮಿ. ಉಂಡೆ ಕಟ್ಟುವ ಹಾಗಿರಬೇಕು.

ಫಳ್ನೀರ್ 99

ಮೊಟ್ಟೆ ಇಲ್ವಾ? ಮೊಟ್ಟೆ ಇದ್ದರೆ ಈ ಚರ್ಚೆಯೇ ಬೇಡ.

ಕಾರ್‌ಸ್ಟ್ರೀಟ್ ಮಾಮ್

ಬೇಳೆ ಉಂಟಲ್ವಾ, ದಾಳಿತೋಯ್ ಮಾಡಿ. ನಮ್ಮ ಕೊಂಕಣಿ ಮನೆಗಳಲ್ಲಿ ಮದುವೆ ಊಟಕ್ಕೂ ಇದೇ, ಏನೂ ಇಲ್ಲದ ದಿನಕ್ಕೂ ಇದೇ.

ಅರ್ಧ ಲೋಟ ಬೇಳೆ ಚೆನ್ನಾಗಿ ಬೇಯಲಿ. ಸೌಟಿನ ಹಿಂಬದಿಯಲ್ಲಿ ಒತ್ತಿ ಒತ್ತಿ ಮಸೆಯಿರಿ, ಒಂದು ಬೇಳೆಯೂ ಕಾಣಬಾರದು. ನೀರು ಸೇರಿಸಿ, ಮೂರ್ನಾಲ್ಕು ಹಸಿಮೆಣಸು ಉದ್ದಕ್ಕೆ ಸೀಳಿ ಹಾಕಿ, ಚೂರು ಶುಂಠಿ ಜಜ್ಜಿ ಹಾಕಿ, ಉಪ್ಪು ಹಾಕಿ ಕುದಿಸಿ. ಇಂಗನ್ನು ಸ್ವಲ್ಪ ನೀರಲ್ಲಿ ಕರಗಿಸಿ ಬಿಡಿ. ಒಗ್ಗರಣೆ ತೆಂಗಿನೆಣ್ಣೆಯದ್ದೇ ಆಗಬೇಕು: ಸಾಸಿವೆ, ಒಣಮೆಣಸು, ಕರಿಬೇವು. ಒಗ್ಗರಣೆ ಬಿದ್ದ ಕೂಡಲೇ ಮುಚ್ಚಳ ಮುಚ್ಚಿ, ಪರಿಮಳ ಒಳಗೇ ಇರಲಿ.

ಅರಶಿನ ಬೇಡ, ಟೊಮೆಟೊ ಬೇಡ. ಬೆಳ್ಳುಳ್ಳಿ ಹಾಕಿದರೆ ಅದು ಬೇರೆ ಏನೋ ತೊವ್ವೆ, ದಾಳಿತೋಯ್ ಅಲ್ಲ.

ಬಂಟ್ವಾಳ ಪೇಟೆ

ನಮ್ಮಲ್ಲಿ ಬೆಳ್ಳುಳ್ಳಿ ಹಾಕ್ತೇವೆ ಮಾಮ್. ನಾವೂ ಕೊಂಕಣಿಯವರೇ.

ಕಾರ್‌ಸ್ಟ್ರೀಟ್ ಮಾಮ್

ಹಾಕಿ. ಹೆಸರು ಮಾತ್ರ ಬದಲಿಸಿ.

ಪುತ್ತೂರಿನ ಸೊಸೆ

ಮೂಲೆಯಲ್ಲಿ ಕೂತ ಆ ಸೌತೆಯನ್ನು ಯಾರೂ ಮಾತಾಡಿಸಲಿಲ್ಲವಲ್ಲ! ಅದೊಂದರಲ್ಲೇ ಎರಡು ಹೊತ್ತಿನ ಅಡುಗೆ ಉಂಟು.

ಮೊದಲು ತುದಿ ಕತ್ತರಿಸಿ ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಸೌತೆ ಬಿಸಾಡಿ, ಉಪ್ಪು ಹುಳಿ ಹಾಕಿ ಸರಿ ಮಾಡಲು ಹೋಗಬೇಡಿ. ಕಹಿ ಸೌತೆ ಹೊಟ್ಟೆಗೆ ಒಳ್ಳೆಯದಲ್ಲ. ಸರಿ ಇದ್ದರೆ ಉದ್ದಕ್ಕೆ ಸೀಳಿ, ಬೀಜ ಮತ್ತು ತಿರುಳನ್ನು ಚಮಚದಲ್ಲಿ ಕೆರೆದು ಒಂದು ಪಾತ್ರೆಗೆ ಹಾಕಿ. ಎಷ್ಟೋ ಜನ ಇದನ್ನು ಕಸಕ್ಕೆ ಹಾಕುತ್ತಾರೆ. ನನಗೆ ಅದು ನೋಡಿದರೆ ಸಿಟ್ಟು ಬರುತ್ತದೆ.

ಹೋಳಿನದ್ದು ಬೋಳು ಕೊದಿಲು, ಅಂದರೆ ಕಾಯಿ ಹಾಕದ ಸಾಂಬಾರು. ಸಿಪ್ಪೆ ತೆಗೆಯಬೇಡಿ, ಸಿಪ್ಪೆ ಇದ್ದರೇ ಹೋಳು ಕರಗದೆ ನಿಲ್ಲುವುದು. ಸ್ವಲ್ಪ ದೊಡ್ಡ ಹೋಳು ಮಾಡಿ ಉಪ್ಪು, ಹುಳಿ ನೀರು, ಸ್ವಲ್ಪ ಬೆಲ್ಲ, ಮೆಣಸಿನ ಹುಡಿ ಹಾಕಿ ಬೇಯಿಸಿ. ಕಾಯಿ ಬೇಡ, ಮಸಾಲೆ ಬೇಡ. ಬೆಂದ ಮೇಲೆ ಏಳೆಂಟು ಎಸಳು ಬೆಳ್ಳುಳ್ಳಿ ಜಜ್ಜಿ ತೆಂಗಿನೆಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು ಒಗ್ಗರಣೆ. ಬೆಳ್ಳುಳ್ಳಿ ಬಿಳಿ ಇರುವಾಗಲೇ ಸುರಿದರೆ ಹಸಿ ವಾಸನೆ, ಕಪ್ಪಾದರೆ ಕಹಿ. ಈ ಅಡುಗೆಯಲ್ಲಿ ಕಣ್ಣಿಟ್ಟು ನೋಡಬೇಕಾದ ಜಾಗ ಇದೊಂದೇ.

ತಿರುಳಿನದ್ದು ಸಾರು. ಒಂದು ಲೋಟ ನೀರು ಹಾಕಿ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಸೋಸಿ. ಹಸಿಮೆಣಸು ಸೀಳಿ ಹಾಕಿ, ಉಪ್ಪು, ಬೆಲ್ಲ ಹಾಕಿ ಕುದಿಸಿ. ಇಳಿಸಿ, ಸ್ವಲ್ಪ ಆರಿದ ಮೇಲೆ ಹುಳಿ ಮಜ್ಜಿಗೆ ಸೇರಿಸಿ. ಬಿಸಿ ಬಿಸಿ ಇರುವಾಗ ಮಜ್ಜಿಗೆ ಹಾಕಿದರೆ ಒಡೆದು ನೀರು ನೀರಾಗುತ್ತದೆ. ಸಾಸಿವೆ, ಕರಿಬೇವಿನ ಒಗ್ಗರಣೆ. ಅನ್ನಕ್ಕೆ ಹಾಕಿಕೊಳ್ಳಿ, ಇಲ್ಲ ಸುಮ್ನೆ ಲೋಟದಲ್ಲಿ ಕುಡಿಯಿರಿ.

ಅಂದ ಹಾಗೆ ಸೌತೆಯನ್ನು ನೆಲದಲ್ಲಿ ಇಡಬೇಡಿ, ತೇವಕ್ಕೆ ಅಡಿಯಿಂದ ಕೊಳೆಯುತ್ತದೆ. ನಮ್ಮ ತೋಟದ ಮನೆಯಲ್ಲಿ ಬೇಸಗೆಯ ಸೌತೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿನ ಅಡ್ಡೆಗೆ ಸಾಲಾಗಿ ನೇತು ಹಾಕುತ್ತೇವೆ. ಒಂದಕ್ಕೊಂದು ತಾಗಬಾರದು. ಹಾಗೆ ಇಟ್ಟರೆ ಮಳೆಗಾಲ ದಾಟುತ್ತದೆ.

ಬೋಂದೆಲ್‌ನ ಬಾಯಮ್ಮ

ಸೌತೆಗೆ ಒಂದು ಹಿಡಿ ಒಣ ಸಿಗಡಿ ಹಾಕಿ ಕಾಯಿ ಕಡೆದು ಹಾಕಿ ನೋಡಿ. ಆಮೇಲೆ ಬೋಳು ಕೊದಿಲು ನೆನಪೂ ಆಗುವುದಿಲ್ಲ.

ಪುತ್ತೂರಿನ ಸೊಸೆ

ನಾವು ಸಿಗಡಿ ತಿನ್ನುವವರಲ್ಲ ಬಾಯಮ್ಮ. ಹಾಗಾಗಿ ನನಗೆ ನೆನಪಾಗುತ್ತಲೇ ಇರುತ್ತದೆ.

ಮಣಿಪಾಲಕ್ಕೆ ಬಂದ ದಾವಣಗೆರೆಯವಳು

ನಾನು ಈ ಊರಿಗೆ ಮದುವೆಯಾಗಿ ಬಂದವಳು. ಒಂದು ಮಾತು ಕೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡ್ರಿ. ಬೇಳೆಗೆ ಬೆಲ್ಲ, ಸಾರಿಗೆ ಬೆಲ್ಲ, ಸೌತೆಗೂ ಬೆಲ್ಲ. ಯಾಕ್ರೀ ಅಷ್ಟೊಂದು ಬೆಲ್ಲ? ನಮ್ಮ ಕಡೆ ಏನೂ ಇಲ್ಲದ ದಿನ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ಮುಗೀತು.

ರಥಬೀದಿಯ ಭಾವ

ಬೆಲ್ಲ ಹಾಕುವುದು ಸಿಹಿಗಲ್ಲ ಅಕ್ಕ, ಹುಳಿಗೂ ಖಾರಕ್ಕೂ ಜಗಳ ಬಿಡಿಸಲಿಕ್ಕೆ. ಸಾರು ಕುಡಿದಾಗ "ಓ, ಬೆಲ್ಲ ಹಾಕಿದ್ದಾರೆ" ಅಂತ ಗೊತ್ತಾದರೆ ಅದು ಜಾಸ್ತಿಯಾಯ್ತು ಅಂತಲೇ ಲೆಕ್ಕ.

ಉಡುಪಿ ಸಾರು ಹೇಳ್ತೇನೆ. ಇದಕ್ಕೂ ತರಕಾರಿ ಬೇಡ. ಹುಡಿ ಮನೆಯಲ್ಲೇ ಮಾಡಿ. ಕೊತ್ತಂಬರಿ ನಾಲ್ಕು ಪಾಲು, ಜೀರಿಗೆ ಒಂದು ಪಾಲು, ಮೆಂತೆ ಕಾಲು ಪಾಲು, ಬ್ಯಾಡಗಿ ಮೆಣಸು ನಿಮ್ಮ ಧೈರ್ಯಕ್ಕೆ ತಕ್ಕಷ್ಟು. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಮೆಂತೆ ಬೇಗ ಕಪ್ಪಾಗುತ್ತದೆ, ಕೊತ್ತಂಬರಿ ನಿಧಾನ. ಒಟ್ಟಿಗೆ ಹಾಕಿದರೆ ಒಂದು ಕರಟಿ ಇನ್ನೊಂದು ಹಸಿ. ಆರಿದ ಮೇಲೆ ಹುಡಿ ಮಾಡಿ ಡಬ್ಬಿಗೆ ತುಂಬಿಸಿ.

ಹುಳಿ ನೀರು, ಒಂದು ಟೊಮೆಟೊ ಇದ್ದರೆ ಅದು, ಹಸಿಮೆಣಸು, ಬೆಲ್ಲ, ಉಪ್ಪು, ಕರಿಬೇವು ಹಾಕಿ ಹುಳಿಯ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಬೇಯಿಸಿದ ಬೇಳೆ ಸೇರಿಸಿ ತೆಳ್ಳಗೆ ಮಾಡಿ. ಹುಡಿ ಕೊನೆಗೆ. ಹುಡಿ ಬಿದ್ದ ಮೇಲೆ ಒಂದೇ ಕುದಿ, ಜಾಸ್ತಿ ಕುದಿಸಿದರೆ ಪರಿಮಳ ಎಲ್ಲ ಮೇಲೆ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ.

ಮತ್ತೆ, "ಎಂತದೂ ಇಲ್ಲ" ಅಂತ ನೀವು ಹೇಳುವುದು ನಮ್ಮ ಮನೆಯಲ್ಲಿ ಒಂದು ತಿಂಗಳು ವ್ರತದ ಅಡುಗೆಯೇ ಆಗಿರುತ್ತದೆ. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕ ವ್ರತ. ತರಕಾರಿ ಇಲ್ಲ, ಸೊಪ್ಪಿಲ್ಲ, ಹುಣಸೆಹುಳಿ ಇಲ್ಲ, ಮೆಣಸಿನಕಾಯಿ ಇಲ್ಲ. ಹೆಸರು ಬೇಳೆ ಬೇಯಿಸಿ, ಖಾರಕ್ಕೆ ಕಾಳುಮೆಣಸು, ಪರಿಮಳಕ್ಕೆ ಜೀರಿಗೆ, ಹುಳಿಗೆ ಮಾವು. ಅಷ್ಟರಲ್ಲೇ ಊಟ ನಡೆಯುತ್ತದೆ. ಎರಡನೇ ತಿಂಗಳು ಮೊಸರಿಲ್ಲ, ಮೂರನೆಯದಕ್ಕೆ ಹಾಲಿಲ್ಲ, ನಾಲ್ಕನೆಯದಕ್ಕೆ ಬೇಳೆಕಾಳಿಲ್ಲ. ಅಮ್ಮ ಒಂದು ದಿನವೂ "ಎಂತ ಮಾಡುವುದು" ಅಂತ ತಲೆಗೆ ಕೈ ಹೊತ್ತು ಕೂತದ್ದು ನಾನು ನೋಡಿಲ್ಲ.

ಮಣಿಪಾಲಕ್ಕೆ ಬಂದ ದಾವಣಗೆರೆಯವಳು

ಹುಡಿ ಬೇರೆ ಬೇರೆ ಹುರಿಯೋದು ಒಪ್ಪಿದೆ. ಬೆಲ್ಲದ ವಿಷಯ ಇನ್ನೂ ಯೋಚನೆ ಮಾಡ್ತೀನಿ. ಮಟ್ಟುಗುಳ್ಳ ಅಂತ ಒಂದು ಬದನೆಕಾಯಿ ಬಗ್ಗೆ ಎಲ್ಲರೂ ಹೇಳ್ತಾರಲ್ಲ, ಅದು ಈಗ ಸಿಗುತ್ತಾ?

ರಥಬೀದಿಯ ಭಾವ

ಈಗ ಎಲ್ಲಿಂದ? ಮಳೆಗಾಲದ ಭತ್ತ ಕೊಯ್ದು ಗದ್ದೆ ಖಾಲಿಯಾದ ಮೇಲೆ ಮಟ್ಟು ಊರಿನವರು ಗುಳ್ಳ ಹಾಕುವುದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಬಂತು. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರು ಅಂತ ಊರಿನವರ ನಂಬಿಕೆ. ತಿಳಿ ಹಸಿರು, ಉರುಟು, ತೊಟ್ಟಿನಲ್ಲಿ ಮುಳ್ಳು, ಸಿಪ್ಪೆ ತೆಳು. ಹೆಚ್ಚಿದ ಕೂಡಲೇ ನೀರಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಅದರ ಬೋಳು ಹುಳಿಗೆ ಸಮ ಬೇರೆ ಇಲ್ಲ. ಆದರೆ ಅದು ಈ ಚರ್ಚೆಗೆ ಸೇರುವುದಲ್ಲ. ಗುಳ್ಳ ಮನೆಯಲ್ಲಿದ್ದರೆ "ಎಂತದೂ ಇಲ್ಲ" ಅಂತ ಯಾರು ಹೇಳ್ತಾರೆ?

ಮಲ್ಪೆಯವ

ತರಕಾರಿ ಕಥೆ ಸಾಕು ಮಾರಾಯ್ರೆ. ಮೀನು ತಿನ್ನುವವರ ಕಷ್ಟ ಸ್ವಲ್ಪ ಕೇಳಿ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ. ನಾಡದೋಣಿಯವರು ಹೋಗಬಹುದು, ಆದರೆ ಈ ಗಾಳಿಗೆ ಎಷ್ಟು ದಿನ ಹೋಗ್ತಾರೆ ಹೇಳಿ. ಹಾಗಾಗಿ ಬೇಸಗೆಯಲ್ಲೇ ಒಣಮೀನು ಮಾಡಿ ಡಬ್ಬಿಯಲ್ಲಿ ಇಟ್ಟವನೇ ಜಾಣ.

ಒಣ ಸಿಗಡಿ ಚಟ್ನಿ. ಕಾವಲಿ ಕಾಯಿಸಿ ಒಂದು ಹಿಡಿ ಸಿಗಡಿ ಎಣ್ಣೆ ಇಲ್ಲದೆ ಹುರಿಯಿರಿ. ಮುಟ್ಟಿದರೆ ಮುರಿಯಬೇಕು, ಅಷ್ಟು ಗರಿಗರಿ. ಬಿಸಿ ಇರುವಾಗಲೇ ಮೊರಕ್ಕೆ ಹಾಕಿ ಅಂಗೈಯಲ್ಲಿ ಮೆಲ್ಲ ತಿಕ್ಕಿ. ತಲೆ, ಕಾಲು, ಮೀಸೆ ಉದುರುತ್ತವೆ, ಅಂಟಿಕೊಂಡ ಹೊಯಿಗೆಯೂ ಉದುರುತ್ತದೆ. ಕೇರಿ ಊದಿ ಬಿಡಿ. ಆರಿದ ಮೇಲೆ ತಿಕ್ಕಿದರೆ ಏನೂ ಉದುರುವುದಿಲ್ಲ. ಮೊರ ಇಲ್ಲದಿದ್ದರೆ ಪೇಪರ್ ಹಾಳೆ ಸಾಕು. ಹುರಿದ ಮೆಣಸು, ಕಾಯಿತುರಿ, ಹುಳಿ, ಬೆಳ್ಳುಳ್ಳಿ, ಉಪ್ಪು ತರಿ ತರಿಯಾಗಿ ತಿರುಗಿಸಿ ಕೊನೆಗೆ ಸಿಗಡಿ ಹಾಕಿ ಒಂದೇ ಸುತ್ತು. ಸಣ್ಣಗೆ ಹೆಚ್ಚಿದ ಈರುಳ್ಳಿ ಮೇಲಿಂದ. ಉಪ್ಪು ನೋಡಿ ಹಾಕಿ, ಸಿಗಡಿಯಲ್ಲೇ ಇರುತ್ತದೆ.

ಗಂಜಿಗೆ ಇದು ಇದ್ದರೆ ಅತ್ತೆಯವರ ಹುರುಳಿ ಚಟ್ನಿ ಎರಡನೇ ನಂಬರ್. ಪಕ್ಕದ ಫ್ಲ್ಯಾಟಿನವರು ಸಸ್ಯಾಹಾರಿ ಆದರೆ ಹುರಿಯುವ ಮೊದಲು ಒಮ್ಮೆ ಕಿಟಕಿ ಯಾವ ಕಡೆಗೆ ಉಂಟು ಅಂತ ನೋಡಿಕೊಳ್ಳಿ.

ಕಾರ್ಕಳದ ಅತ್ತೆ

ಎರಡನೇ ನಂಬರ್ ಆಗಲಿ, ಮಲ್ಪೆಯವನು ಹೇಳಿದ್ದು ಅಂತ ಬಿಟ್ಟಿದ್ದೇನೆ.

ಕುಂದಾಪ್ರದ ಹೆಣ್ಣು

ನಮ್ಮ ಬದಿಯದ್ದೂ ಒಂದು ಬರೆದುಕೊಳ್ಳಿ. ಬೇಸಗೆಯಲ್ಲಿ ಕಾಟು ಮಾವಿನಕಾಯಿಯನ್ನು ತೊಟ್ಟು ಸಮೇತ ಉಪ್ಪುನೀರಲ್ಲಿ ಹಾಕಿಟ್ಟಿರುತ್ತೇವೆ. ಏನೂ ಇಲ್ಲದ ದಿನ ಎರಡು ತೆಗೆದು ತೊಳೆದು, ಹಸಿಮೆಣಸು ಹಾಕಿ ಕೈಯಲ್ಲೇ ಕಿವುಚಿ, ನೀರು ಬಿಟ್ಟು, ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ. ಒಗ್ಗರಣೆಯೂ ಬೇಡ, ಒಲೆಯೂ ಬೇಡ. ಬಿಸಿ ಗಂಜಿಗೆ ಎಂಥಾ ರುಚಿ ಅಂತ್ರಿ!

ಉಪ್ಪು ಮತ್ತೆ ಹಾಕಬೇಡಿ. ಮೊದಲೇ ಹೇಳಿದ್ದೇನೆ.

ಕೊಟ್ಟಾರದ ಬ್ಯಾಚುಲರ್

ಮಾಮ್ ಹೇಳಿದ ದಾಳಿತೋಯ್ ನಿನ್ನೆ ಆಯ್ತು, ಗೆಳೆಯ ಪಾತ್ರೆ ಕೆರೆದು ತಿಂದ. ಇವತ್ತು ಸೌತೆಯ ಎರಡೂ ಮಾಡಬೇಕು ಅಂತ ಉಂಟು.

ಒಂದು ಪ್ರಶ್ನೆ. ರಾತ್ರಿಗೆ ನೀರ್ ದೋಸೆ ಮಾಡುವ ಅಂತ ಬೆಳ್ತಿಗೆ ನೆನೆ ಹಾಕಿದ್ದೇನೆ. ಕಾಯಿ ಹಾಕಬೇಕಾ, ಬೇಡವಾ? ನಮ್ಮ ಅಮ್ಮ ಹಾಕ್ತಾರೆ, ಗೆಳೆಯನ ಅಮ್ಮ ಹಾಕುವುದಿಲ್ಲ. ಇಬ್ಬರೂ ಫೋನಿನಲ್ಲಿ ಹಟ ಹಿಡಿದಿದ್ದಾರೆ.

ಉಳ್ಳಾಲದಾಚೆ

ಹಾಕಿ. ಒಂದು ಲೋಟ ಅಕ್ಕಿಗೆ ಎರಡು ಮೂರು ಚಮಚ ತುರಿ ಸಾಕು. ದೋಸೆ ಮೆತ್ತಗಿರುತ್ತದೆ, ತಣ್ಣಗಾದ ಮೇಲೂ ಬಿರುಸಾಗುವುದಿಲ್ಲ.

ಫಳ್ನೀರ್ 99

ಬೇಡ. ಕಾಯಿ ಜಾಸ್ತಿಯಾದರೆ ತೂತು ಬೀಳುವುದಿಲ್ಲ. ನೀರ್ ದೋಸೆಗೆ ತೂತೇ ಚೆಂದ.

ಬಂಟ್ವಾಳ ಪೇಟೆ

ಕಾಯಿ ಬದಲು ಒಂದು ಹಿಡಿ ಅನ್ನ ಹಾಕಿ. ಇಬ್ಬರು ಅಮ್ಮಂದಿರೂ ಒಟ್ಟಿಗೆ ನಿಮ್ಮ ಮೇಲೆ ಸಿಟ್ಟಾಗಲಿ.

ಉಳ್ಳಾಲದಾಚೆ

ಕಾಯಿ ಮುಖ್ಯ ಅಲ್ಲ ಮಾರಾಯ್ರೆ, ನೀರು ಮುಖ್ಯ. ನಾಲ್ಕು ಗಂಟೆ ನೆನೆದ ಅಕ್ಕಿಯನ್ನು ಆದಷ್ಟು ನುಣ್ಣಗೆ ಕಡೆಯಿರಿ. ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು. ಆಮೇಲೆ ನೀರು ಬೆರೆಸುತ್ತಾ ಹೋಗಿ, ಹಾಲಿನಷ್ಟೇ ತೆಳು ಆಗಬೇಕು. ಅನುಭವ ಇಲ್ಲದವರು ಇಲ್ಲಿ ಹೆದರಿ ನಿಲ್ಲಿಸುತ್ತಾರೆ. ಹೆದರಬೇಡಿ. ಉಪ್ಪು ಹಾಕಿ. ಹುಳಿ ಬರಿಸುವುದೆಲ್ಲ ಇಲ್ಲ, ಕಡೆದ ಕೂಡಲೇ ಹೊಯ್ಯಬಹುದು.

ಕಾವಲಿ ಚೆನ್ನಾಗಿ ಕಾಯಬೇಕು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ. ಪ್ರತಿ ಸಲ ಹಿಟ್ಟನ್ನು ಅಡಿಯಿಂದ ಕಲಕಿ ತೆಗೆಯಿರಿ, ಅಕ್ಕಿ ಅಡಿಗೆ ಕೂರುತ್ತದೆ. ಕಲಕದಿದ್ದರೆ ಮೊದಲ ದೋಸೆ ನೀರು, ಕೊನೆಯದು ರೊಟ್ಟಿ. ಅಂಚಿನಿಂದ ಒಳಗೆ ಹೊಯ್ಯುತ್ತಾ ಬನ್ನಿ. ಸೌಟಿನಿಂದ ಹರಡಬಾರದು, ಬಿದ್ದಲ್ಲೇ ಬಿಡಿ. ಹೊಯ್ಯುವಾಗ ಚುಂಯ್ ಅಂತ ಶಬ್ದ ಬಂದರೆ ತೂತು ತಾನಾಗಿ ಬೀಳುತ್ತದೆ. ಶಬ್ದ ಬರದಿದ್ದರೆ ಕಾವಲಿ ಕಾದಿಲ್ಲ. ಮುಚ್ಚಳ ಮುಚ್ಚಿ, ಅಂಚು ಎದ್ದರೆ ಆಯ್ತು. ಮಗುಚುವುದು ಬೇಡ. ಹರಿದು ಹೋಗ್ತದೆ ಅಂತಾದರೆ ಹಿಟ್ಟಿಗೆ ಒಂದು ಚಮಚ ಅಕ್ಕಿಹಿಟ್ಟು ಕಲಸಿ.

ಬಿಸಿ ಬಿಸಿ ಒಂದರ ಮೇಲೊಂದು ಹಾಕಬೇಡಿ, ಅಂಟಿಕೊಳ್ಳುತ್ತವೆ. ನಾಲ್ಕು ಮಡಿಕೆ ಮಾಡಿ ಬಿಡಿ ಬಿಡಿಯಾಗಿ ಇಡಿ.

ಬೋಂದೆಲ್‌ನ ಬಾಯಮ್ಮ

ಅದಕ್ಕೆ ಏನೂ ಪದಾರ್ಥ ಇಲ್ಲದಿದ್ದರೆ ಕಾಯಿ ತುರಿದು ಬೆಲ್ಲ ಕೆರೆದು ಚಿಟಿಕೆ ಏಲಕ್ಕಿ ಹಾಕಿ ಕಲಸಿ. ನಮ್ಮ ಮಕ್ಕಳಿಗೆ ಕೋಳಿಗಿಂತ ಅದೇ ಇಷ್ಟ. ಒಲೆ ಹತ್ತಿರ ನಿಂತೇ ತಿಂದು ಮುಗಿಸ್ತಾರೆ, ಮೇಜಿಗೆ ಬರುವುದೇ ಇಲ್ಲ.

ಮಲ್ಪೆಯವ

ನಿನ್ನೆಯ ಮೀನು ಸಾರು ಇದ್ದರೆ? ಆ ಮಾತು ಬೇಡ, ಈಗ ಬಾಯಲ್ಲಿ ನೀರು ಬಂದರೂ ಪ್ರಯೋಜನ ಇಲ್ಲ.

ಹೊಸ ಸದಸ್ಯ ಸುರತ್ಕಲ್

ಪತ್ರೊಡೆ ಯಾರೂ ಹೇಳಲಿಲ್ಲ? ನಮ್ಮ ತುಳುವರ ಆಟಿ ತಿಂಗಳು ಬಂತು, ಕೆಸುವಿನ ಎಲೆ ಗುಡ್ಡೆ ತುಂಬ ಉಂಟು. ದುಡ್ಡೇ ಬೇಡ.

ಪುತ್ತೂರಿನ ಸೊಸೆ

ದುಡ್ಡು ಬೇಡ, ಇಡೀ ದಿನ ಬೇಕು. ಎಲೆ ತರಬೇಕು, ಒರೆಸಬೇಕು, ದಪ್ಪ ನಾರು ಕೀಳಬೇಕು, ಅಕ್ಕಿಯನ್ನು ಹುಳಿ ಮೆಣಸು ಬೆಲ್ಲ ಹಾಕಿ ಗಟ್ಟಿಯಾಗಿ ಕಡೆಯಬೇಕು, ಎಲೆಯ ಹಿಂಬದಿಗೆ ಹಚ್ಚಿ ಒಂದರ ಮೇಲೊಂದು ಇಟ್ಟು ಸುತ್ತಬೇಕು, ಮುಕ್ಕಾಲು ಗಂಟೆ ಬೇಯಿಸಬೇಕು. ಅದೂ ಬೆಂದ ಕೂಡಲೇ ತಿಂದರೆ ಅಷ್ಟಕ್ಕಷ್ಟೇ. ಮರುದಿನ ತುಂಡು ಮಾಡಿ ತೆಂಗಿನೆಣ್ಣೆಯಲ್ಲಿ ಕಾಯಿಸಿದರೇ ರುಚಿ. ಇದನ್ನು ಆಫೀಸಿಗೆ ಹೋಗುವ ಹುಡುಗರಿಗೆ "ಸುಲಭ" ಅಂತ ಹೇಳಬೇಡಿ.

ಹೊಸ ಸದಸ್ಯ ಸುರತ್ಕಲ್

ನನ್ನ ಅಜ್ಜಿ ಎರಡು ಗಂಟೆಯಲ್ಲಿ ಮಾಡುತ್ತಿದ್ದರು.

ಪುತ್ತೂರಿನ ಸೊಸೆ

ಅಜ್ಜಿ ಮಾಡುತ್ತಿದ್ದರು. ನೀವು ಮಾಡಿದ್ದೀರಾ?

ಕಾರ್ಕಳದ ಅತ್ತೆ

ಜಗಳ ಬೇಡ. ಮಾಡುವುದಾದರೆ ಹುಳಿ ಕಮ್ಮಿ ಮಾಡಬೇಡ ಮಗಾ, ಗಂಟಲು ತುರಿಸುತ್ತದೆ. ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸೂಜಿಗಳು ಇರುತ್ತವೆ ಅಂತ ಓದಿದವರು ಹೇಳ್ತಾರೆ. ಚೆನ್ನಾಗಿ ಬೇಯಿಸುವುದು, ಹುಳಿ ಧಾರಾಳ ಹಾಕುವುದು, ಅದಕ್ಕೇ. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರೆ ತುರಿಕೆ ಕಮ್ಮಿ. ಈಗ ಪೇಟೆಯಲ್ಲೂ ಕಟ್ಟು ಕಟ್ಟಿ ಮಾರುತ್ತಾರೆ.

ಸುಲಭದ್ದೇ ಬೇಕು ಅಂದರೆ ಗುಡ್ಡೆಯಲ್ಲಿ ಚಗಟೆ ಸೊಪ್ಪು ಉಂಟಲ್ಲ. ಎಳೆ ಚಿಗುರು ಮಾತ್ರ ಚಿವುಟಿ ಸಣ್ಣಗೆ ಹೆಚ್ಚಿ. ಒಣಮೆಣಸು, ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿ ಬಾಡಿಸಿ, ಸ್ವಲ್ಪ ಬೇಯಿಸಿದ ಹಲಸಿನ ಬೀಜ ಸೇರಿಸಿ, ಕಾಯಿತುರಿ ಉದುರಿಸಿ. ಹತ್ತು ನಿಮಿಷದ ಕೆಲಸ.

ಕೊಟ್ಟಾರದ ಬ್ಯಾಚುಲರ್

ಅತ್ತೆ, ಹಲಸಿನ ಬೀಜ ಮಳೆಗಾಲಕ್ಕೆ ಹೇಗೆ ಇಡುವುದು? ಊರಿನಿಂದ ತಂದದ್ದು ಪ್ಲಾಸ್ಟಿಕ್ ಚೀಲದಲ್ಲಿ ಮೊಳಕೆ ಬಂದಿದೆ.

ಕಾರ್ಕಳದ ಅತ್ತೆ

ಚೀಲದಲ್ಲಿ ಬೆವರಿದರೆ ಮೊಳಕೆ ಬರದೆ ಏನು? ನಾವು ಕೆಂಪು ಮಣ್ಣು ಕಲಸಿ ಬೀಜಕ್ಕೆ ಹಚ್ಚಿ ಒಣಗಿಸಿ ಇಡುತ್ತಿದ್ದೆವು. ಫ್ಲ್ಯಾಟಿನಲ್ಲಿ ಮಣ್ಣು ಎಲ್ಲಿಂದ ತರುತ್ತಿ? ತೊಳೆದು ಒರೆಸಿ ಫ್ರಿಜ್ಜಿನಲ್ಲಿ ಇಡು. ಮೊಳಕೆ ಬಂದದ್ದನ್ನು ಬಿಸಾಡಬೇಡ, ಮೊಳಕೆ ಮುರಿದು ಇವತ್ತೇ ಸೌತೆ ಕೊದಿಲಿಗೆ ಹಾಕು.

ಮಣಿಪಾಲಕ್ಕೆ ಬಂದ ದಾವಣಗೆರೆಯವಳು

ಆಟಿ ಅಮಾವಾಸ್ಯೆ ದಿನ ನಮ್ಮತ್ತೆ ಮನೇಲಿ ಬೆಳಿಗ್ಗೆ ಬೆಳಿಗ್ಗೆ ಒಂದು ಕಹಿ ಕಷಾಯ ಕೊಟ್ಟರು. ಆಮೇಲೆ ಕೊಟ್ಟ ಮೆಂತೆ ಗಂಜಿ ಮಾತ್ರ ಅದ್ಭುತ. ಅದನ್ನ ಯಾರಾದ್ರೂ ಹೇಳ್ಕೊಡಿ.

ಕಾರ್ಕಳದ ಅತ್ತೆ

ಅದು ಪಾಲೆ ಮರದ ತೊಗಟೆಯ ಕಷಾಯ. ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು, ಕತ್ತಿ ಮುಟ್ಟಿಸುವುದಿಲ್ಲ. ಮರ ಗುರ್ತ ಇಲ್ಲದವರು ಮಾತ್ರ ಅದಕ್ಕೆ ಕೈ ಹಾಕಲೇಬಾರದು. ಕತ್ತಲಲ್ಲಿ ಕಾಸರಕನ ತೊಗಟೆ ತಂದರೆ ಅದು ವಿಷ. ಗುರ್ತ ಇದ್ದ ಹಿರಿಯರು ಕೊಟ್ಟರೆ ಮಾತ್ರ ಕುಡಿಯಿರಿ.

ಮೆಂತೆ ಗಂಜಿ ಹೇಳ್ತೇನೆ. ಒಂದು ಲೋಟ ಅಕ್ಕಿಗೆ ಎರಡು ಚಮಚ ಮೆಂತೆ. ಮೆಂತೆ ರಾತ್ರಿಯೇ ನೆನೆಯಲಿ. ಎರಡನ್ನೂ ಒಟ್ಟಿಗೆ ಮೆತ್ತಗೆ ಬೇಯಿಸಿ. ಒಂದು ಕಾಯಿಯ ಹಾಲು ತೆಗೆಯಿರಿ, ದಪ್ಪದ್ದು ಬೇರೆ, ತೆಳುವಾದದ್ದು ಬೇರೆ. ತೆಳು ಹಾಲು, ಬೆಲ್ಲ, ಚಿಟಿಕೆ ಉಪ್ಪು ಹಾಕಿ ಕುದಿಸಿ. ದಪ್ಪ ಹಾಲು ಇಳಿಸುವಾಗ. ಅದು ಹಾಕಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ. ಇದಕ್ಕಾದರೂ ಬೆಲ್ಲ ಒಪ್ಪುತ್ತೀರಾ ಮಗಳೇ?

ಮಣಿಪಾಲಕ್ಕೆ ಬಂದ ದಾವಣಗೆರೆಯವಳು

ಇದಕ್ಕೆ ಒಪ್ಪಿದೆ ಅತ್ತೆ!

ನಿರ್ವಾಹಕ

ಕಷಾಯದ ಅಳತೆ ಕೇಳಿ ನನಗೆ ಖಾಸಗಿ ಸಂದೇಶ ಕಳಿಸುತ್ತಿರುವವರಿಗೆ: ಇಲ್ಲಿ ಅದು ಬೇಡ. ಊಟದ ವಿಷಯ ಮುಂದುವರಿಸಿ.

ರಥಬೀದಿಯ ಭಾವ

ತಂಬುಳಿ ಬಿಟ್ಟೇ ಹೋಯ್ತಲ್ಲ. ಅಂಗಳದ ಬದಿಯಲ್ಲಿ ಒಂದೆಲಗ ಇದ್ದರೆ ಒಂದು ಮುಷ್ಟಿ ಕಿತ್ತು ಬೇರಿನ ಮಣ್ಣು ಚೆನ್ನಾಗಿ ತೊಳೆಯಿರಿ. ಕಾಯಿತುರಿ, ನಾಲ್ಕು ಕಾಳುಮೆಣಸು, ಚೂರು ಜೀರಿಗೆ ಹಾಕಿ ಕಡೆದು ಮಜ್ಜಿಗೆ ಬೆರೆಸಿ. ಕುದಿಸುವುದಿಲ್ಲ. ಸಾಂಬ್ರಾಣಿ (ದೊಡ್ಡಪತ್ರೆ) ಎಲೆಯದ್ದಾದರೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿಕೊಳ್ಳಬೇಕು, ಹಸಿಯಾಗಿ ಘಾಟು. ಎಲೆ ಯಾವುದೂ ಇಲ್ಲದಿದ್ದರೆ ಅರ್ಧ ಚಮಚ ಮೆಂತೆ ತುಪ್ಪದಲ್ಲಿ ಹುರಿದು ಹಾಗೇ ಮಾಡಿ. ಊಟಕ್ಕೆ ಕೂರುವ ಹೊತ್ತಿಗೆ ಮಾಡಿದರೆ ಸಾಕು, ಸಂಜೆಗೆ ಇಟ್ಟರೆ ಹುಳಿಯುತ್ತದೆ.

ಫಳ್ನೀರ್ 99

ಕೊಟ್ಟಾರದ ಫ್ಲ್ಯಾಟಿಗೆ ಅಂಗಳ ಎಲ್ಲಿ ಭಾವ?

ರಥಬೀದಿಯ ಭಾವ

ಸಾಂಬ್ರಾಣಿಯ ಒಂದು ಗೆಲ್ಲು ಕುಂಡದಲ್ಲಿ ಊರಿದರೆ ಬದುಕುತ್ತದೆ. ಬಾಲ್ಕನಿ ಇದ್ದೇ ಇರುತ್ತದಲ್ವಾ?

ಬೋಂದೆಲ್‌ನ ಬಾಯಮ್ಮ

ಕಪ್ಪಾದ ಬಾಳೆಹಣ್ಣು ಉಳಿದರೆ ಬಿಸಾಡಬೇಡಿ, ಬನ್ಸ್ ಮಾಡಿ. ಎರಡು ಹಣ್ಣು ಸಕ್ಕರೆ ಹಾಕಿ ಕಿವುಚಿ, ಎರಡು ಮೂರು ಚಮಚ ಮೊಸರು, ಜೀರಿಗೆ, ಉಪ್ಪು, ಚಿಟಿಕೆ ಸೋಡ. ಅದು ಎಷ್ಟು ಮೈದಾ ಕುಡಿಯುತ್ತದೋ ಅಷ್ಟೇ ಹಾಕಿ, ನೀರು ಬೇಡ. ಹಿಟ್ಟು ಕೈಗೆ ಸ್ವಲ್ಪ ಅಂಟಬೇಕು. ರಾತ್ರಿ ಕಲಸಿಟ್ಟು ಬೆಳಿಗ್ಗೆ ದಪ್ಪಗೆ ಲಟ್ಟಿಸಿ ಕರಿಯಿರಿ. ತೆಳು ಲಟ್ಟಿಸಿದರೆ ಪೂರಿ ಆಗುತ್ತದೆ.

ಮಣಿಪಾಲಕ್ಕೆ ಬಂದ ದಾವಣಗೆರೆಯವಳು

ಕೊನೇದೊಂದು ಪ್ರಶ್ನೆ. ಉಪ್ಪಡ್ ಪಚ್ಚಿರ್ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ, ಉಪ್ಪಲ್ಲಿ ಹಾಕಿದ ಹಲಸಿನ ಸೊಳೆ. ಉಪ್ಪು ಹೇಗೆ ಬಿಡಿಸೋದು? ಎಲ್ಲಿ ಸಿಗುತ್ತೆ?

ಕಾರ್ಕಳದ ಅತ್ತೆ

ರಾತ್ರಿ ನೀರಲ್ಲಿ ಹಾಕಿ ಎರಡು ಮೂರು ಸಲ ನೀರು ಬದಲಿಸಿ, ಬೆಳಿಗ್ಗೆ ಗಟ್ಟಿಯಾಗಿ ಹಿಂಡಿ. ಚೂರು ಕಚ್ಚಿ ನೋಡಿ, ಉಪ್ಪು ಬಾಯಿಗೆ ಸರಿ ಅನ್ನಿಸಿದರೆ ಸಣ್ಣಗೆ ಹೆಚ್ಚಿ, ಕಾಯಿ, ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಪಲ್ಯ ಮಾಡಿ. ಅಂಗಡಿ ಹುಡುಕಬೇಡಿ, ನನ್ನಲ್ಲಿ ಒಂದು ಭರಣಿ ತುಂಬ ಉಂಟು. ಕಾರ್ಕಳ ಕಡೆ ಬರುವಾಗ ಗಟ್ಟಿ ಮುಚ್ಚಳದ ಡಬ್ಬಿ ತನ್ನಿ. ಕವರ್ ತರಬೇಡಿ, ಬಸ್ಸಿನಲ್ಲಿ ಸೋರಿದರೆ ಪಕ್ಕದವರು ಇಳಿದು ಹೋಗ್ತಾರೆ.